ಕಪ್ಪು ಅರಗಿನೊಳಗಿನ ಬಿಳಿ ಮರ

ಇದು ನಡೆದು ಮೂರು ವರ್ಷವಾಯಿತು. ಆ ಸಲ ಅವರೆಕಾಯಿ ತಡವಾಗಿ ಬಂದಿತ್ತು. ಚನ್ನಪಟ್ಟಣದ ಪೇಟೆ ಬೀದಿಯಲ್ಲಿ ಸೊಗಡವರೆ ರಾಶಿ ಬಿದ್ದ ಮೊದಲ ವಾರ ಎಂದು ಚೆನ್ನಾಗಿ ನೆನಪಿದೆ. ಆ ಹೆಂಗಸು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಮತ್ತು ಖಲೀಲ್ ಹಳೇ ಪೇಪರಿನ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಊರಿನವರಿಗೆಲ್ಲ ನಾನು ಸಮುದ್ರ ನೋಡಿ ಬಂದೆ ಎಂದಷ್ಟೇ ಹೇಳಿದ್ದೇನೆ. ಯಾಕೆ ಹೋಗಿದ್ದೆ ಎನ್ನುವುದನ್ನು ಹೇಳಿಲ್ಲ. ಇಲ್ಲಿ ಹೇಳಿಬಿಡುತ್ತೇನೆ.

ನನ್ನ ಊರು ಬೈರಾಪಟ್ಟಣ. ಹೆಸರು ಶಿವಲಿಂಗ. ಹತ್ತನೇ ತರಗತಿ ಮುಗಿಸಿದ ಮೇಲೆ ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಚನ್ನಪಟ್ಟಣದ ಒಬ್ಬ ಸಾಬರ ಹತ್ತಿರ ಬೊಂಬೆ ಕಡೆಯುವ ಕೆಲಸಕ್ಕೆ ಸೇರಿದೆ. ಖಲೀಲ್ ಅವರ ಮಗ. ಗುರುಗಳು ತೀರಿಕೊಂಡ ಮೇಲೆ ನಾವಿಬ್ಬರೂ ಸೇರಿ ಅದೇ ಅಂಗಡಿಯನ್ನು ನಡೆಸುತ್ತಾ ಬಂದೆವು. ಮುಂದೆ ಅಂಗಡಿ, ಹಿಂದೆ ಮರ ತಿರುಗಿಸುವ ಎರಡು ಲೇತು, ಅದರ ಹಿಂದೆ ಒಂದು ಹುಣಸೆ ಮರ. ಐವತ್ತು ವರ್ಷ ನನ್ನ ಬದುಕು ಈ ಮೂರರ ಮಧ್ಯೆಯೇ ಕಳೆದಿದೆ.

ನಮ್ಮ ಬೊಂಬೆಗಳಿಗೆಲ್ಲ ಹಾಲೆ ಮರ. ಬೆಳ್ಳಗೆ, ಹಗುರವಾಗಿ, ಉಳಿ ಇಟ್ಟರೆ ಬೆಣ್ಣೆಯ ಹಾಗೆ ಬಿಟ್ಟುಕೊಡುವ ಮರ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಆ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಒಣಗಿದ ಕೇದಿಗೆ ಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಒಂದು ಸಲ ಅರಗು ಹತ್ತಿತೆಂದರೆ ಒಳಗಿರುವುದು ಯಾವ ಮರ ಎಂದು ನೋಡಿದವರಿಗೆ ತಿಳಿಯುವುದಿಲ್ಲ. ನನ್ನ ತಪ್ಪು ಶುರುವಾಗುವುದೇ ಇಲ್ಲಿಂದ.

ಆ ಹೆಂಗಸಿಗೆ ಅರವತ್ತೈದರ ಮೇಲಾಗಿತ್ತು. ನಾರ್ವೆ ದೇಶದವರು, ಹೆಸರು ಇಂಗ್ರಿಡ್. ಬಿಸಿಲಿಗೆ ಮುಖವೆಲ್ಲ ಹುಣಸೆ ತೊಗಟೆಯ ಹಾಗೆ ಒರಟಾಗಿತ್ತು. ಜೊತೆಯಲ್ಲಿ ಮಂಗಳೂರಿನ ವಾಮನ ಎಂಬುವರು ಇದ್ದರು. ಇಪ್ಪತ್ತು ವರ್ಷ ಹಡಗಿನಲ್ಲಿ ಅಡುಗೆಯವರಾಗಿ ಇಂಗ್ಲಿಷ್ ಕಲಿತವರು. ಈಗ ಬಂದರಿಗೆ ಬರುವ ವಿದೇಶಿಯರಿಗೆ ಸಾಮಾನು, ಸವಾರಿ ಒದಗಿಸಿಕೊಡುತ್ತಾರೆ.

"ಅಜ್ಜ, ಇಲ್ಲಿ ಮರ ಕಡೆಯುವವರು ಯಾರು?" ಎಂದು ವಾಮನ ಕೇಳಿದರು.

"ನಾನೇ ಕಣಪ್ಪ. ಇವ್ನೂ ಒಸಿ ಕಡೀತಾನೆ" ಎಂದೆ ಖಲೀಲನ ಕಡೆ ತೋರಿಸಿ.

"ಹೌದೌದು, ನಾನಿರೋದು ಕಾಯಿ ಸುಲಿಯೋಕೆ" ಎಂದ ಖಲೀಲ್, ತಲೆ ಎತ್ತದೆ.

ಆಕೆ ಚೀಲದಿಂದ ಒಂದು ಮರದ ಬಿಲ್ಲೆ ತೆಗೆದು ಅವರೆ ಸಿಪ್ಪೆಗಳ ನಡುವೆ ಇಟ್ಟರು. ಅಂಗೈ ಅಗಲ, ಎರಡು ಬೆರಳು ದಪ್ಪ, ಸುತ್ತಲೂ ಹಗ್ಗ ಕೂರುವ ಕಾಲುವೆ. ಮಧ್ಯೆ ಮೂರು ತೂತು, ಎರಡು ಕಣ್ಣು ಮೇಲೊಂದು ಹಣೆಗಣ್ಣು ಇದ್ದ ಹಾಗೆ. ನಾನು ಆಗಲೇ ಅದಕ್ಕೆ ಮುಕ್ಕಣ್ಣ ಎಂದು ಹೆಸರಿಟ್ಟೆ. ಅದು ಅಡ್ಡಕ್ಕೆ ಸೀಳಿತ್ತು.

ವಾಮನ ವಿವರಿಸಿದರು. ಈಕೆ ತಮ್ಮ ಗಂಡ ಕಟ್ಟಿದ ಮರದ ಹಾಯಿದೋಣಿಯಲ್ಲಿ ಒಬ್ಬರೇ ಸಮುದ್ರ ಸುತ್ತುತ್ತಿದ್ದಾರೆ. ಗಂಡ ಈಗಿಲ್ಲ. ಗುಡಾರದ ಕಂಬವನ್ನು ಸುತ್ತಲಿನ ಗೂಟಕ್ಕೆ ಹಗ್ಗದಿಂದ ಬಿಗಿಯುವ ಹಾಗೆ ಹಾಯಿಯ ಕಂಬವನ್ನು ದೋಣಿಯ ಎರಡು ಬದಿಗೂ ಬಿಗಿದಿರುತ್ತಾರೆ. ಆ ಬಿಗಿತವೆಲ್ಲ ಇಂಥ ಬಿಲ್ಲೆಗಳ ಮೇಲೆ ನಿಂತಿರುತ್ತದೆ. ಬಿರುಗಾಳಿಯೊಂದರಲ್ಲಿ ಬಲಬದಿಯ ಎಂಟೂ ಬಿರುಕು ಬಿಟ್ಟಿವೆ. ಕೊಚ್ಚಿಗೆ ಹೋದರೆ ಅಲ್ಲಿ ಸರದಿ ಕಾಯಬೇಕು. ಥಾಯ್ಲೆಂಡಿನಲ್ಲಿ ಎಲ್ಲ ಸಿಗುತ್ತದೆ, ಆದರೆ ಒಡೆದ ಬಿಲ್ಲೆ ನಂಬಿಕೊಂಡು ಅಷ್ಟು ದೂರ ಹೋಗುವ ಹಾಗಿಲ್ಲ. ಅವರ ದೇಶದಿಂದ ತರಿಸಿದರೆ ಗಾಳಿಯ ಕಾಲವೇ ಮುಗಿದುಹೋಗುತ್ತದೆ. ಮಂಗಳೂರಿನಲ್ಲಿ ಈಗ ಎಲ್ಲ ಫೈಬರ್ ದೋಣಿ. ಯಾರೋ ಚನ್ನಪಟ್ಟಣಕ್ಕೆ ಹೋಗಿ ಎಂದರಂತೆ.

ಆಕೆ ನನ್ನನ್ನೇ ನೋಡುತ್ತಾ ಏನೋ ಕೇಳಿದರು. ವಾಮನ ಸ್ವಲ್ಪ ಮುಜುಗರದಿಂದ ಹೇಳಿದರು: "ಅಜ್ಜ, ಬೇಸರ ಮಾಡ್ಬೇಡಿ. ನಿಮ್ಮಿಂದ ಆಗದ ಕೆಲಸ ಯಾವುದು ಅಂತ ಕೇಳ್ತಾ ಇದ್ದಾರೆ."

ನನಗೆ ಒಳಗೇ ಚುರುಕ್ಕೆಂದಿತು. ಐವತ್ತು ವರ್ಷ ಕಡೆದವನಿಗೆ ಕೇಳುವ ಮಾತೇ ಇದು? "ಮರದಲ್ಲಿ ನಮ್ಮಿಂದ ಆಗದ್ದು ಅಂತ ಯಾವ್ದೂ ಇಲ್ಲ ಅಂತ ಹೇಳಪ್ಪ" ಎಂದೆ.

ಆಕೆಯ ಮುಖ ಸ್ವಲ್ಪ ಸಪ್ಪಗಾಯಿತು. ಎದ್ದು ಹೊರಡುವವರಂತೆ ಚೀಲಕ್ಕೆ ಕೈ ಹಾಕಿದರು. ನಾನು ಬಿಡಲಿಲ್ಲ. ಶೋಕೇಸಿನಿಂದ ಒಂದು ಕೆಂಪು ಡಬ್ಬಿ ತೆಗೆದು ಮುಚ್ಚಳವನ್ನು ಬಾಯಿಯ ಮೇಲಿಟ್ಟು ಕೈಬಿಟ್ಟೆ. ಮುಚ್ಚಳ ತನ್ನ ಭಾರಕ್ಕೆ ತಾನೇ, ಉಸಿರು ಬಿಟ್ಟ ಹಾಗೆ, ಮೆಲ್ಲಗೆ ಇಳಿದು ಕೂತಿತು. ಒಂದು ಕೂದಲಷ್ಟು ಹೆಚ್ಚು ಕಡಿಮೆಯಾದರೂ ಹಾಗೆ ಇಳಿಯುವುದಿಲ್ಲ. ಆಕೆ ಡಬ್ಬಿ ಕೈಗೆ ತೆಗೆದುಕೊಂಡು ನಾಲ್ಕು ಸಲ ಮುಚ್ಚಿ ತೆಗೆದರು. ಮಗುವಿನಂತೆ ನಕ್ಕರು. ಕೆಲಸ ನಮಗೇ ಎಂದಾಯಿತು.

ಆ ಡಬ್ಬಿ ಮಾಡಿ ಆರು ವರ್ಷವಾಗಿತ್ತು ಎನ್ನುವುದನ್ನು ನಾನು ಹೇಳಲಿಲ್ಲ.

"ಇದಕ್ಕೆ ಹುಣಸೆ ಚೇಗೇ ಆಗ್ಬೇಕು" ಎಂದ ಖಲೀಲ್. ಚೇಗು ಎಂದರೆ ಮರದ ಒಳಗಿನ ಕಪ್ಪು ತಿರುಳು, ಕಬ್ಬಿಣದಂಥದ್ದು. "ಮಾಗಡಿ ಕಡೆ, ಕೆಂಪಾಪುರದಾಗೆ ನಮ್ಮ ಪರಿಚಯದೋರ ಹಿತ್ಲಲ್ಲಿ ಹಳೇ ಎಣ್ಣೆ ಗಾಣ ಬಿದ್ದೈತೆ. ತಾತನ ಕಾಲದ ಹುಣಸೆ. ಅದುನ್ನ ತಂದು ಕಡುದ್ರೆ ಇನ್ನು ನೂರು ವರ್ಸ ಏನೂ ಆಗಾಕಿಲ್ಲ."

ವಾಮನ ಹೇಳಿದ್ದನ್ನು ಕೇಳಿ ಆಕೆ ತಲೆಯಾಡಿಸಿದರು. ಹುಣಸೆ ಚೇಗೇ ಎಂದು ತೀರ್ಮಾನವಾಯಿತು. ಹದಿನೈದು ದಿನ ಗಡುವು.

ಮೂರನೇ ದಿನ ಖಲೀಲ್ ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಾಮನಗರದ ಮಗಳ ಮನೆಗೆ ಹೋದ. ಹೋಗುವಾಗ, "ಲೇ ಲಿಂಗ, ಉಳಿ ಚೆನ್ನಾಗಿ ಮಸ್ಕೊಳ್ಳಲಾ. ಗಾಣದ ಮರ ಒದೀತದೆ" ಎಂದು ಎಚ್ಚರಿಸಿದ. ನಾನು ಕೆಂಪಾಪುರಕ್ಕೆ ಹೋಗಿ ಗಾಣದ ತುಂಡನ್ನು ಗೂಡ್ಸ್ ಆಟೋದಲ್ಲಿ ತಂದೆ. ಲೇತಿಗೆ ಕಟ್ಟಿದೆ. ಉಳಿ ಇಟ್ಟೆ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಅದಕ್ಕೂ ಎರಡು ವರ್ಷದ ಹಿಂದಿನಿಂದ ನನ್ನ ಬಲಗೈ ನಡುಗುತ್ತಿತ್ತು. ಹಾಲೆ ಮರದ ಮಣಿ, ಗಿಲಕಿ ಕಡೆಯುವಾಗ ಮರ ಮೆತ್ತಗಿರುವುದರಿಂದ ಅದು ಗೊತ್ತಾಗುತ್ತಿರಲಿಲ್ಲ. ಖಲೀಲನಿಗೂ ಹೇಳಿರಲಿಲ್ಲ. ಮನೆಯಲ್ಲಿ ಹೆಂಡತಿ ಜಯಮ್ಮನಿಗೆ ಮಾತ್ರ ತಿಳಿದಿತ್ತು. ಅವಳೂ ಬಾಯಿಬಿಟ್ಟು ಕೇಳಿರಲಿಲ್ಲ. ಕಾಫಿ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡಲು ಶುರು ಮಾಡಿದ್ದಳು, ಅಷ್ಟೇ. ಅರ್ಧ ಲೋಟವಾದರೆ ಚೆಲ್ಲುವುದಿಲ್ಲ.

ಹುಣಸೆ ಚೇಗು ಉಳಿಯನ್ನು ಒದೆಯಿತು. ಉಳಿ ಹಾರಿ ಗೋಡೆಗೆ ಬಡಿಯಿತು. ಮಣಿಕಟ್ಟು ತರಚಿತು. ಮತ್ತೆ ಕಟ್ಟಿದೆ, ಮತ್ತೆ ಒದೆಯಿತು. ಮೂರು ದಿನ ಹೋರಾಡಿದರೂ ಒಂದು ಬಿಲ್ಲೆ ನೆಟ್ಟಗೆ ಬರಲಿಲ್ಲ. ನಾಲ್ಕನೇ ದಿನ ಗಾಣದ ತುಂಡನ್ನು ಹಿಂದುಗಡೆ ಗೋಣಿಚೀಲದ ಕೆಳಗೆ ತಳ್ಳಿದೆ. ಹಾಲೆ ಮರ ಕೈಗೆತ್ತಿಕೊಂಡೆ.

ಒಂಬತ್ತು ಬಿಲ್ಲೆ ಎರಡೇ ದಿನದಲ್ಲಿ ಮುಗಿದವು. ಕಪ್ಪು ಅರಗು ಕೊಟ್ಟು ಕೇದಿಗೆ ಗರಿಯಲ್ಲಿ ಉಜ್ಜಿದೆ. ಇಷ್ಟು ಚೆಂದದ ಕೆಲಸ ವರ್ಷಗಳಿಂದ ಮಾಡಿರಲಿಲ್ಲ ಎನಿಸಿತು. ತೆಗೆದುಕೊಂಡು ಹೋಗಲು ಬಂದ ವಾಮನ ಒಂದನ್ನು ಕೈಯಲ್ಲಿ ತೂಗಿ, "ಹಗುರ ಉಂಟಲ್ಲ ಅಜ್ಜ?" ಎಂದರು.

"ಐವತ್ತು ವರ್ಷ ಒಣಗಿದ ಮರ. ನೀರಂಶ ಒಂದು ತೊಟ್ಟೂ ಇಲ್ಲ. ಹಗುರ ಇರದೆ ಏನಾಯ್ತದೆ?" ಎಂದೆ. ಸುಳ್ಳು ಹೇಳುವಾಗ ನನ್ನ ಕೈ ನಡುಗಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಎಂಟು ಬಿಲ್ಲೆ ಮಂಗಳೂರಿಗೆ ಹೋದವು. ಒಂಬತ್ತನೆಯದನ್ನು ಹೆಮ್ಮೆಯಿಂದ ಶೋಕೇಸಿನಲ್ಲಿಟ್ಟೆ.

ನಾಲ್ಕು ದಿನ ಬಿಟ್ಟು ಖಲೀಲ್ ಬಂದ. ಕಪ್ಪು ಕನ್ನಡಕ, ಕೈಯಲ್ಲಿ ಕಣ್ಣಿಗೆ ಹಾಕುವ ಹನಿಯ ಬಾಟ್ಲಿ. "ಎಲ್ಲಿ ನಿನ್ನ ಮುಕ್ಕಣ್ಣ, ತೋರ್ಸು" ಎಂದ. ಕೈಗೆ ಕೊಟ್ಟೆ. ಕನ್ನಡಕದಲ್ಲಿ ಅವನಿಗೆ ಏನು ಕಂಡಿತೋ ಕಾಣೆ, ಆದರೆ ಬೆರಳು ಬಿಲ್ಲೆಯ ಮೇಲೆ ನಿಂತುಬಿಟ್ಟಿತು.

"ಇದೇನ್ಲಾ, ಹತ್ತಿ ಇದ್ದಂಗೈತೆ?"

"ಒಣಗಿದ ಮರ..."

"ಒಣಗಿದ ಹುಣಸೆ ನನ್ಗೆ ಗೊತ್ತಿಲ್ವಾ? ನಮ್ಮಪ್ಪ ನಿನ್ಗೆ ಕಲ್ಸಿದ್ದು ಕಡಿಯೋದ್ನ, ನನ್ಗೆ ಕಲ್ಸಿದ್ದು ಮುಟ್ಟೋದ್ನ." ಅವನು ಹಿಂದಕ್ಕೆ ಹೋದ. ಗೋಣಿಚೀಲಕ್ಕೆ ಎಡವಿ ಬೈದುಕೊಂಡ. ಹೋಗಿ ನೋಡಿದರೆ ಚೀಲ ಸರಿಸಿ ಗಾಣದ ತುಂಡಿನ ಮೇಲೆ ಕೈಯಿಟ್ಟು ಕೂತಿದ್ದ.

ಅವನು ಬೈಯಲಿಲ್ಲ. ಹಗ್ಗ ತಂದು, ಬಿಲ್ಲೆಯ ಮೇಲಿನ ಕಣ್ಣಿಗೆ ಪೋಣಿಸಿ ಹುಣಸೆ ಕೊಂಬೆಗೆ ಕಟ್ಟಿದ. ಕೆಳಗಿನ ಎರಡು ಕಣ್ಣಿಗೆ ಉಯ್ಯಾಲೆಯಂತೆ ಇನ್ನೊಂದು ಹಗ್ಗ ಇಳಿಬಿಟ್ಟ. ಖಲೀಲ್ ಸಣ್ಣ ಆಸಾಮಿಯಲ್ಲ. "ಬ್ಯಾಡ ಕಣ್ಲಾ, ಕಣ್ಣು ಆಪರೇಷನ್ ಆಗೈತೆ" ಎಂದೆ. "ಕೂತ್ಕೊಳ್ಳೋದು ಕಣ್ಣಿನ ಮ್ಯಾಲಾ?" ಎಂದು ಕಪ್ಪು ಕನ್ನಡಕ ಸರಿಮಾಡಿಕೊಂಡು ಕೂತೇಬಿಟ್ಟ. ಒಂದು ಸಲ ಹಿಂದೆ, ಒಂದು ಸಲ ಮುಂದೆ. ಟಪ್ ಎಂದಿತು. ಬಿಲ್ಲೆ ಎರಡು ಹೋಳಾಗಿ ಖಲೀಲ್ ಧೂಳಿನಲ್ಲಿ ಕುಕ್ಕರಿಸಿದ.

ನನಗೆ ನಗು ಬಂತು, ಸುಳ್ಳೇಕೆ ಹೇಳಲಿ. ಅವನೂ ನಗುತ್ತಾನೆ ಎಂದುಕೊಂಡೆ. ಅವನು ಕೂತಲ್ಲೇ ನೆಲ ತಟ್ಟುತ್ತಾ, "ನಾನು ಬಿದ್ದೆ, ಕೆಳಗೆ ನೆಲ ಇತ್ತು ಕಣ್ಲಾ ಲಿಂಗ. ಆಯಮ್ಮ ಎಲ್ಲಿಗೆ ಬೀಳ್ತಾಳೆ?" ಎಂದ.

ತಕ್ಷಣ ಮುಂದಿನ ಅಂಗಡಿಗೆ ಹೋಗಿ ವಾಮನರಿಗೆ ಫೋನು ಮಾಡಿದೆ.

"ಓ ಅಜ್ಜ! ಎಲ್ಲ ಕಟ್ಟಿ ಆಯ್ತು. ಎಂತಾ ಚಂದ ಕಾಣ್ತದೆ ಗೊತ್ತುಂಟಾ! ನಾಳೆ ಒಂದು ಸುತ್ತು ಕಡಲಿಗೆ ಹೋಗಿ ನೋಡ್ತೇವೆ. ನಾಡಿದ್ದು ಅವರು ಶ್ರೀಲಂಕಾಕ್ಕೆ ಹೊರಡ್ತಾರೆ. ನೀವು ಎಂತಕ್ಕೆ ಮಾಡಿದ್ದು?"

ಬಾಯಿ ತೆರೆದೆ. "ಚೆನ್ನಾಗೈತಾ ಅಂತ ಕೇಳೋಕೆ ಮಾಡ್ದೆ" ಎಂದು ಇಟ್ಟುಬಿಟ್ಟೆ.

"ಹೇಳ್ದಾ?" ಎಂದ ಖಲೀಲ್.

"ಹೇಳ್ದೆ" ಎಂದೆ.

ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ. ಜಯಮ್ಮ ಅರ್ಧ ಲೋಟ ಹಾಲು ಕೊಟ್ಟಳು. ಆ ಅರ್ಧ ಲೋಟವನ್ನು ನೋಡುತ್ತಾ ಕೂತೆ. ನನ್ನ ಕೈ ಸೋತಿದೆ ಎನ್ನುವುದು ಈ ಮನೆಯಲ್ಲಿ ದಿನಕ್ಕೆ ಮೂರು ಸಲ ನನ್ನ ಮುಂದೆ ಬಂದು ಕೂರುತ್ತಿತ್ತು. ಅದನ್ನು ಒಪ್ಪಿಕೊಳ್ಳಲಾರದೆ ಒಬ್ಬರ ಪ್ರಾಣವನ್ನು ಹಾಲೆ ಮರಕ್ಕೆ ನೇತುಹಾಕಿದ್ದೆ. ಬೆಳಗ್ಗೆ ಎದ್ದವನೇ, "ಮಂಗಳೂರಿಗೆ ಹೋಯ್ತೀನಿ" ಎಂದೆ. ಅವಳು ಯಾಕೆ ಎಂದು ಕೇಳದೆ ರೊಟ್ಟಿ ಕಟ್ಟಿಕೊಟ್ಟಳು.

ಮೊದಲ ಬಸ್ಸಿಗೆ ಮೈಸೂರು, ಅಲ್ಲಿಂದ ಮಡಿಕೇರಿಯ ಮೇಲೆ ಮಂಗಳೂರು. ಮೈಸೂರಿನಿಂದ ಫೋನು ಮಾಡಿದೆ. ವಾಮನರ ಫೋನು ವ್ಯಾಪ್ತಿ ಪ್ರದೇಶದ ಹೊರಗಿದೆ ಎಂದಿತು. ಕುಶಾಲನಗರದಲ್ಲಿ ಮಾಡಿದೆ, ಸುಳ್ಯದಲ್ಲಿ ಮಾಡಿದೆ. ಅದೇ ಮಾತು. ಆಗಲೇ ಸಮುದ್ರದ ಮೇಲಿದ್ದಾರೆ ಎಂದು ಅರ್ಥವಾಯಿತು. ಘಾಟಿಯ ತಿರುವುಗಳಲ್ಲಿ ಎಲ್ಲರೂ ಹೊರಗೆ ನೋಡುತ್ತಿದ್ದರು. ನಾನು ಟಪ್ ಎನ್ನುವ ಸದ್ದನ್ನೇ ಕೇಳುತ್ತಾ ಕೂತಿದ್ದೆ.

ಮೂರು ಗಂಟೆ ದಾಟಿದ ಮೇಲೆ ಹಳೇ ಬಂದರು ತಲುಪಿದೆ. ಬಲೆ ಹೊಲಿಯುತ್ತಿದ್ದ ಒಬ್ಬರನ್ನು ಕೇಳಿದೆ.

"ಆ ಬಿಳಿ ಹೆಂಗಸಿನ ಹಾಯಿದೋಣಿಯಾ? ಬೆಳಗ್ಗೆ ಹೋಗಿದೆ, ಬರ್ಲಿಲ್ಲ. ಬರ್ಬೇಕಿತ್ತು ಮಾರಾಯ್ರೆ ಇಷ್ಟೊತ್ತಿಗೆ. ಇಲ್ಲಿಂದ ಕಾಣುದಿಲ್ಲ, ಇದು ಹೊಳೆ. ಫೆರಿಯಲ್ಲಿ ಬೆಂಗ್ರೆಗೆ ದಾಟಿ, ಅಲ್ಲಿಂದ ಕಡಲು."

ಹೊಳೆ ದಾಟಿ, ಮನೆಗಳ ನಡುವೆ ನಡೆದು, ಒಂದು ಮರಳ ದಿಬ್ಬ ಹತ್ತಿದೆ. ಎಪ್ಪತ್ತು ಹತ್ತಿರವಾದರೂ ನಾನು ಸಮುದ್ರ ನೋಡಿದವನಲ್ಲ. ಕಣ್ವ ಡ್ಯಾಮು ತುಂಬಿದ್ದು ನೋಡಿದ್ದೆ, ಬೈರಮಂಗಲದ ಕೆರೆ ನೋಡಿದ್ದೆ. ನೀರೆಂದರೆ ಆಚೆ ದಡ ಇರಲೇಬೇಕು ಎಂದು ನನ್ನ ಕಣ್ಣಿಗೆ ಅಭ್ಯಾಸ. ಅಲ್ಲಿ ನಿಂತು ನಾನು ಆಚೆ ದಡವನ್ನು ಹುಡುಕಿದೆ. ಎಡಕ್ಕೆ ಹುಡುಕಿದೆ, ಬಲಕ್ಕೆ ಹುಡುಕಿದೆ. ಇರಲಿಲ್ಲ. ನೀರು ಹೋಗಿ ಆಕಾಶವನ್ನೇ ಮುಟ್ಟಿತ್ತು. ಆ ಇಡೀ ನೀರು ಉಸಿರಾಡುತ್ತಿತ್ತು. ಒಂದೊಂದು ಅಲೆ ಬಂದು ಬಿದ್ದಾಗ ಕಾಲ ಕೆಳಗಿನ ಮರಳು ಅದುರುತ್ತಿತ್ತು. ಅಲ್ಲೇ ಕೂತುಬಿಟ್ಟೆ. ಇದರ ಮೇಲೆ ಒಂದು ಹೆಣ್ಣು ಜೀವ ಒಂಟಿಯಾಗಿ ಹೋಗುತ್ತದೆ. ಅದಕ್ಕೆ ನಾನು ಗಿಲಕಿಯ ಮರ ಕೊಟ್ಟು ಕಳಿಸಿದ್ದೇನೆ. ದೇವರ ಹೆಸರು ಹೇಳಲೂ ನಾಚಿಕೆಯಾಯಿತು.

ಎಷ್ಟು ಹೊತ್ತಾಯಿತೋ ತಿಳಿಯದು. ಸೂರ್ಯ ನೀರಿನಿಂದ ಒಂದಾಳು ಎತ್ತರದಲ್ಲಿದ್ದಾಗ ದೂರದಲ್ಲಿ ಒಂದು ಕಡ್ಡಿ ಕಂಡಿತು. ಕಡ್ಡಿ ಕಂಬವಾಯಿತು. ಹಾಯಿ ಇರಲಿಲ್ಲ. ಕಂಬ ನಿಂತಿತ್ತು. ಕಂಬ ನಿಂತಿತ್ತು ಎನ್ನುವುದನ್ನು ನಾನು ಜೋರಾಗಿ ಹೇಳಿಕೊಂಡೆನಂತೆ. ಪಕ್ಕದಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸು, "ಎಂತ ಅಜ್ಜ, ನಿಮ್ಮವರಾ?" ಎಂದಳು. "ಹೂಂ ಕಣವ್ವ" ಎಂದೆ.

ಓಡಿ ಹೋಗಿ ಫೆರಿ ಹಿಡಿದು ಬಂದರಿಗೆ ಬರುವ ಹೊತ್ತಿಗೆ ದೋಣಿ ಎಂಜಿನ್ನಿನಲ್ಲಿ ಮೆಲ್ಲಗೆ ಬಂದು ದೋಣಿ ಕಟ್ಟುವ ದಕ್ಕೆಗೆ ನಿಂತಿತ್ತು. ವಾಮನ ನನ್ನನ್ನು ಕಂಡು ದಂಗಾದರು. ನಾನು ಮಾತಾಡುವ ಮೊದಲೇ ಇಂಗ್ರಿಡ್ ಇಳಿದು ಬಂದು ನನ್ನ ಅಂಗೈ ಮೇಲೆ ಎರಡು ಹೋಳುಗಳನ್ನು ಇಟ್ಟರು. ಮೇಲೆ ಕನ್ನಡಿಯಂಥ ಕಪ್ಪು ಅರಗು. ಒಡೆದ ಕಡೆ ಬೆಳ್ಳಗೆ, ಕೊಬ್ಬರಿಯ ಹಾಗೆ, ಹಾಲೆ ಮರ.

"ಟಪ್ ಅಂತ ಕೇಳಿತು ಅಜ್ಜ," ಎಂದರು ವಾಮನ. "ಒಂದು ಒಡೆದದ್ದೇ ಕಂಬ ಆಚೆಗೆ ವಾಲ್ಲಿಕ್ಕೆ ಸುರು. ನಾನು ಕಣ್ಣು ಮುಚ್ಚಿದೆ. ಇವರು ಒಂದು ಮಾತಾಡ್ಲಿಲ್ಲ. ಚುಕ್ಕಾಣಿ ತಿರುಗಿಸಿ ಇಡೀ ದೋಣಿಯನ್ನೇ ಗಾಳಿಗೆ ಎದುರಾಗಿ ಆಚೆ ಬದಿಗೆ ತಿರುಗಿಸಿಬಿಟ್ರು. ಬಲಬದಿಗೆ ಬೀಳ್ತಿದ್ದ ಭಾರ ಎಲ್ಲ ಎಡಬದಿಗೆ ಹೋಯ್ತು. ಅಲ್ಲಿ ಹಳೇ ಬಿಲ್ಲೆ, ಗಟ್ಟಿ ಉಂಟು. ಒಂದು ಉಸಿರು ತೆಗೆಯುವಷ್ಟೇ ಹೊತ್ತು ಮಾರಾಯ್ರೆ. ತಡ ಆಗಿದ್ರೆ ಕಂಬ ನಮ್ಮ ತಲೆ ಮೇಲೆ."

ನಾನು ಆಕೆಯನ್ನು ನೋಡಿದೆ. ಇಷ್ಟೆಲ್ಲ ಮಾಡಿ ಬಂದವರು ಹಗ್ಗ ಸುತ್ತಿಡುತ್ತಿದ್ದರು, ನಮ್ಮ ಮನೆಯಲ್ಲಿ ಒಣಗಿದ ಬಟ್ಟೆ ಮಡಿಸಿದ ಹಾಗೆ.

ಹೈಸ್ಕೂಲಿನ ಇಂಗ್ಲಿಷಿನಲ್ಲಿ, "ಮೇಡಂ, ಐ ಟೋಲ್ಡ್ ಲೈ" ಎಂದೆ. ಮುಂದೆ ಬರಲಿಲ್ಲ. ಕನ್ನಡದಲ್ಲೇ ಎಲ್ಲ ಹೇಳಿದೆ. ಗೋಣಿಚೀಲ, ಉಯ್ಯಾಲೆ, ಫೋನಿನಲ್ಲಿ ಹೇಳದೆ ಇಟ್ಟಿದ್ದು, ಎಲ್ಲ. ಇಂಗ್ಲಿಷಿಗೆ ತಿರುಗಿಸುತ್ತಾ ಹೋದಂತೆ ವಾಮನರ ಮುಖ ಕೆಂಪಾಗುತ್ತಿತ್ತು. ಫೋನಿನ ವಿಷಯ ಬಂದಾಗ ಅವರು ಮಾತು ನಿಲ್ಲಿಸಿ, "ಅಜ್ಜ, ನಾನೂ ಆ ದೋಣಿಯಲ್ಲೇ ಇದ್ದೆ. ನಂಗೆ ಎರಡು ಮಕ್ಕಳುಂಟು" ಎಂದರು.

ಆಕೆ ಕೇಳಿದ್ದು ಒಂದೇ ಮಾತು, ಯಾಕೆ ಎಂದು. ನಾನು ಬಲಗೈ ಚಾಚಿದೆ. ಅದು ಎಲೆಯ ಹಾಗೆ ನಡುಗುತ್ತಿತ್ತು. ಹಾಗೆ ನಾನು ಅದನ್ನು ಯಾರ ಮುಂದೆಯೂ ಚಾಚಿದವನಲ್ಲ.

ಆಕೆ ಆ ಕೈಯನ್ನು ನೋಡಿದರು. ಮುಖದಲ್ಲಿ ಸಿಟ್ಟಿತ್ತು, ಇರಲಿಲ್ಲ ಎಂದು ಹೇಳುವುದಿಲ್ಲ. ಆಮೇಲೆ ಒಂದು ಪೆಟ್ಟಿಗೆಯ ಮೇಲೆ ಕೂತು ಮಾತಾಡಿದರು. ವಾಮನ ಒಂದೊಂದಾಗಿ ಹೇಳಿದರು.

"ಇವರು ಯಾವ ಬಂದರಿಗೆ ಹೋದ್ರೂ ರಿಪೇರಿಗೆ ಕೊಡುವ ಮೊದಲು ಅದೇ ಪ್ರಶ್ನೆ ಕೇಳುದಂತೆ. ನಿಮ್ಮಿಂದ ಆಗದ್ದು ಯಾವುದು ಅಂತ. ಏನೂ ಇಲ್ಲ ಅಂದವರಿಗೆ ಕೊಡುದಿಲ್ವಂತೆ. ಅವರ ಗಂಡ ಕಲಿಸಿದ್ದಂತೆ. ನಿಮ್ಮಲ್ಲಿ ಆ ಡಬ್ಬಿಯ ಮುಚ್ಚಳ ನೋಡಿ ಮರೆತೆ, ಅದು ನನ್ನ ತಪ್ಪು ಅಂತಾರೆ."

ನಾನು ತಲೆ ತಗ್ಗಿಸಿದೆ. ಆಕೆ ಮತ್ತೇನೋ ಹೇಳಿದರು. ವಾಮನ ನಂಬಲಾರದವರ ಹಾಗೆ ಒಂದು ಸಲ ತಿರುಗಿ ಕೇಳಿ, ಆಮೇಲೆ ನನಗೆ ಹೇಳಿದರು.

"ಆಗುತ್ತೆ ಅಂತ ಹೇಳಿದವರು ಎಲ್ಲ ಬಂದರಿನಲ್ಲೂ ಇದ್ದಾರಂತೆ. ನನ್ನಿಂದ ಆಗಲ್ಲ ಅಂತ ಹೇಳ್ಲಿಕ್ಕೆ ಬೆಟ್ಟ ಇಳಿದು ದಿನವಿಡೀ ಬಸ್ಸಲ್ಲಿ ಬಂದವರು ನೀವೊಬ್ಬರೇ ಅಂತೆ. ಇವತ್ತು ಆ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತಾರೆ. ಬಿಲ್ಲೆ ಎಂಟೂ ನಿಮ್ಮ ಅಂಗಡಿಯಲ್ಲೇ ಆಗ್ಬೇಕಂತೆ. ಕಾಯ್ತಾರಂತೆ."

ನಾನು ಅಂದು ಸಮುದ್ರ ನೋಡಿದ್ದೆ. ಆದರೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಇದು. ಒಬ್ಬರ ಪ್ರಾಣಕ್ಕೆ ಎರವಾಗಲಿದ್ದವನ ಕೈಗೇ ಅವರು ಮತ್ತೆ ತಮ್ಮ ಕಂಬವನ್ನು ಕೊಡುತ್ತಿದ್ದರು. ಅದರ ಆಚೆ ದಡವೂ ನನಗೆ ಕಾಣಲಿಲ್ಲ.

ಊರಿಗೆ ಬಂದು ಖಲೀಲನಿಗೆ ಕೈಯ ವಿಷಯ ಹೇಳಿದೆ. ಅವನು, "ಎರಡು ವರ್ಸದಿಂದ ನೀನು ಟೀ ಕುಡಿಯೋವಾಗ ಗೋಡೆ ಕಡೆ ತಿರುಗ್ತಿದ್ದೆ. ನನ್ಗೆ ಪೊರೆ ಬಂದಿದ್ದು ಕಣ್ಣಿಗೆ, ತಲೆಗಲ್ಲ" ಎಂದ. ಅವನ ಕಣ್ಣು ವಾಸಿಯಾಗುವ ತನಕ ಮೂರು ವಾರ ಕಾದೆವು. ಆಮೇಲೆ ಗಾಣದ ಮರವನ್ನು ಅವನು ಲೇತಿಗೆ ಕಟ್ಟಿದ. ಉಳಿ ಅವನ ಕೈಯಲ್ಲಿ. ನಾನು ಪಕ್ಕದಲ್ಲಿ ಕೂತು ಅಳತೆ ನೋಡಿದೆ, ಉಳಿ ಮಸೆದುಕೊಟ್ಟೆ, ಎಲ್ಲಿ ಮರದ ನಾರು ತಿರುಗುತ್ತದೆ ಎಂದು ಹೇಳಿದೆ. "ನಿನ್ಗೆ ಕೈ ಇಲ್ಲ, ನನ್ಗೆ ಕಣ್ಣಿಲ್ಲ. ಇಬ್ರೂ ಸೇರಿದ್ರೆ ಒಬ್ಬ ಕೆಲಸಗಾರ" ಎಂದು ನಗುತ್ತಿದ್ದ. ಹತ್ತು ದಿನಕ್ಕೆ ಎಂಟು ಮುಕ್ಕಣ್ಣರು ಎದ್ದು ಬಂದರು. ಒಂದೊಂದನ್ನೂ ಕೊಂಬೆಗೆ ಕಟ್ಟಿ ಖಲೀಲ್ ಕೂತು ತೂಗಿ ನೋಡಿದ. ಕೊಂಬೆ ಮುರಿದೀತು ಎನಿಸುತ್ತಿತ್ತು, ಬಿಲ್ಲೆ ಅಲುಗಲಿಲ್ಲ. ಅರಗು ಹಾಕಲಿಲ್ಲ. ಬರೀ ಎಣ್ಣೆ ಕುಡಿಸಿದೆವು, ಮರ ಮರವಾಗಿಯೇ ಕಾಣಲಿ ಎಂದು.

ನಾನೇ ಹೊತ್ತುಕೊಂಡು ಹೋದೆ. ಇಂಗ್ರಿಡ್ ಅವುಗಳನ್ನು ಕಟ್ಟುವ ಮೊದಲು ಒಂದನ್ನು ಬಕೆಟ್ಟಿನ ಸಮುದ್ರದ ನೀರಿಗೆ ಹಾಕಿದರು. ಹಾಲೆಯಾಗಿದ್ದರೆ ತೇಲುತ್ತಿತ್ತು, ಇದು ಕಲ್ಲಿನ ಹಾಗೆ ಮುಳುಗಿತು. ಆ ಬಿಲ್ಲೆ ಒಡೆದ ದಿನದ ಮೇಲೆ ಮೊದಲ ಸಲ ನನ್ನನ್ನು ನೋಡಿ ನಕ್ಕರು. ಬಂದರಿನವರ ಅನುಮತಿ ಮಾಡಿಸಿ ಪರೀಕ್ಷೆಗೆ ನನ್ನನ್ನೂ ಕರೆದುಕೊಂಡು ಹೋದರು. ವಾಮನರೂ ಬಂದರು. "ನಾನು ಬರುದು ನಿಮ್ಮನ್ನು ನಂಬಿ ಅಲ್ಲ, ಆ ಸಾಬರನ್ನು ನಂಬಿ" ಎಂದು ಮುಖ ಗಂಟಿಕ್ಕಿಕೊಂಡೇ ನನಗೆ ಲೈಫ್ ಜಾಕೆಟ್ ತೊಡಿಸಿದರು.

ಹೊಳೆ ಕಡಲು ಸೇರುವ ಅಳಿವೆ ದಾಟಿದ ಮೇಲೆ ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚಿದರು. ಗಾಳಿ ತುಂಬಿತು. ಇಡೀ ದೋಣಿ ಒಂದು ಬದಿಗೆ ವಾಲಿ, ಸದ್ದಿಲ್ಲದೆ ಹೊರಟಿತು. ಎತ್ತಿಲ್ಲ, ಎಣ್ಣೆಯಿಲ್ಲ, ಬರೀ ಗಾಳಿ. ಬಲಬದಿಯ ಹಗ್ಗಗಳು ಬಿಗಿದು ತಂತಿಯಾದವು. ನಾನು ಆ ಎಂಟು ಬಿಲ್ಲೆಗಳನ್ನೇ ನೋಡುತ್ತಿದ್ದೆ. ಯಾರದೋ ತಾತನ ಕಾಲದಲ್ಲಿ ಕೆಂಪಾಪುರದಲ್ಲಿ ಹುಚ್ಚೆಳ್ಳು ಅರೆದ ಮರ, ಈಗ ಇಷ್ಟು ದೊಡ್ಡ ಗಾಳಿಯನ್ನು ಹಿಡಿದು ನಿಂತಿತ್ತು. ಇಂಗ್ರಿಡ್ ಸನ್ನೆ ಮಾಡಿ ಹಗ್ಗದ ಮೇಲೆ ಕೈಯಿಡಲು ಹೇಳಿದರು. ಬಲಗೈ ಇಟ್ಟೆ. ಅದು ಒಳಗಿಂದ ಗುಂಯ್ ಎಂದು ಅದುರುತ್ತಿತ್ತು, ಚಾಲೂ ಇರುವ ಲೇತಿನ ಹಾಗೆ. ನಡುಗುತ್ತಿರುವುದು ನನ್ನ ಕೈಯೋ ಹಗ್ಗವೋ ಎನ್ನುವುದೇ ತಿಳಿಯಲಿಲ್ಲ. ಆ ಹೊತ್ತಿನಲ್ಲಿ ನನಗೆ ಅಳು ಬಂತು. ಆಕೆ ನೋಡದವರ ಹಾಗೆ ಮುಂದೆ ನೋಡುತ್ತಾ ಚುಕ್ಕಾಣಿ ಹಿಡಿದಿದ್ದರು.

ಮರುದಿನ ಬೆಳಗ್ಗೆ ಅವರು ಹೊರಟುಹೋದರು. ಬೆಂಗ್ರೆಯ ಅದೇ ದಿಬ್ಬದ ಮೇಲೆ ನಿಂತು, ಕಂಬ ಕಡ್ಡಿಯಾಗಿ, ಕಡ್ಡಿ ಚುಕ್ಕೆಯಾಗಿ, ಚುಕ್ಕೆ ಇಲ್ಲವಾಗುವ ತನಕ ನೋಡಿದೆ.

ಒಡೆದ ಆ ಎರಡು ಹೋಳುಗಳನ್ನು ನಾನೇ ಕೇಳಿ ತಂದಿದ್ದೇನೆ. ಶೋಕೇಸಿನಲ್ಲಿ ಕೆಂಪು ಡಬ್ಬಿಯ ಪಕ್ಕದಲ್ಲಿವೆ, ಬಿಳಿ ಕಾಣುವ ಹಾಗೆ ಮಗುಚಿಟ್ಟಿದ್ದೇನೆ. ಯಾರಾದರೂ ಹೊಸ ಕೆಲಸ ಹೇಳಲು ಬಂದರೆ ಖಲೀಲ್, "ಮೊದ್ಲು ನಮ್ಮ ಲಿಂಗಣ್ಣನ ಹತ್ರ ಏನೇನು ಆಗಲ್ಲ ಅಂತ ಕೇಳ್ಕೊಳ್ಳಿ. ದೊಡ್ಡ ಪಟ್ಟಿ ಐತೆ" ಎನ್ನುತ್ತಾನೆ. ನಾನು ಹೇಳುತ್ತೇನೆ.

ಇಂಗ್ರಿಡ್ ಅವರನ್ನು ಕಳಿಸಿ ಮಂಗಳೂರಿನಿಂದ ಬಂದ ದಿನ ಜಯಮ್ಮ ಎಂದಿನಂತೆ ಅರ್ಧ ಲೋಟ ಕಾಫಿ ತಂದಳು. "ತುಂಬಾ ಕೊಡು" ಎಂದೆ. "ಚೆಲ್ತದೆ" ಎಂದಳು. ಎರಡು ವರ್ಷದಲ್ಲಿ ಅವಳು ಆ ವಿಷಯ ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

"ಚೆಲ್ಲಲಿ" ಎಂದೆ. ಚೆಲ್ಲಿತು. ಅವಳು ಒರೆಸಿದಳು. ಉಳಿದದ್ದನ್ನು ಬಿಸಿಬಿಸಿಯಾಗಿ ಅವಳ ಎದುರಿಗೇ ಕುಡಿದೆ.